ಏಂಟ್ರಿ ಕುದುರೆ ಮೈದಾನ: ಬೇಲಿಗಳ ವಿನ್ಯಾಸ, ಭೂಮಿಯ ಲೆಕ್ಕ

ಅಢಾವೆ ಪತ್ರಿಕೆಯಲ್ಲಿ ಭೂಮಿಯನ್ನು ಸಾಮಾನ್ಯವಾಗಿ ಕೊಂಡ ಬೆಲೆಗೆ ತೋರಿಸಲಾಗುತ್ತದೆ. ಆ ಭೂಮಿಯ ಮೇಲೆ ನಡೆಯುವ ಉದ್ಯಮವು ತಾನಾಗಿ ಗಳಿಸಿಕೊಂಡ ಹೆಸರಿಗೆ ಅಲ್ಲಿ ಸ್ಥಾನವಿಲ್ಲ. ಊರು ಬೆಳೆದು ನಿವೇಶನಗಳ ಬೆಲೆ ಏರಿದಾಗ ಭೂಮಿಗೂ ಉದ್ಯಮಕ್ಕೂ ನಡುವೆ ಪೈಪೋಟಿ ಆರಂಭವಾಗುತ್ತದೆ. ಗಿರಣಿಯನ್ನು ನಡೆಸುವುದಕ್ಕಿಂತ ಗಿರಣಿಯ ಜಾಗವನ್ನು ಮಾರುವುದೇ ಲಾಭಕರವೆಂಬ ಲೆಕ್ಕವನ್ನು ನಮ್ಮ ಸದಸ್ಯರಲ್ಲಿ ಅನೇಕರು ಕಂಡಿದ್ದಾರೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಹೊರವಲಯದಲ್ಲಿರುವ ಏಂಟ್ರಿ ಕುದುರೆ ಪಂದ್ಯದ ಮೈದಾನವೂ ಇದೇ ಲೆಕ್ಕಕ್ಕೆ ಸಿಕ್ಕಿ, 1964ರಿಂದ 1983ರವರೆಗೆ ಉಳಿಯುವುದೋ ಅಳಿಯುವುದೋ ಎಂಬ ಸ್ಥಿತಿಯಲ್ಲಿತ್ತು. ಅದು ಉಳಿದ ಬಗೆಯನ್ನು ಅರಿಯಲು ಮೈದಾನದ ಇತಿಹಾಸವನ್ನೂ ವಿನ್ಯಾಸವನ್ನೂ ಮೊದಲು ತಿಳಿಯಬೇಕು.

ಜಿಗಿತದ ಪಂದ್ಯವೆಂದರೇನು?

ಬೆಂಗಳೂರು ಮತ್ತು ಮೈಸೂರಿನ ರೇಸ್ ಕೋರ್ಸುಗಳಲ್ಲಿ ನಾವು ಕಾಣುವುದು ಅಡೆತಡೆಗಳಿಲ್ಲದ ನೆಲದ ಮೇಲಿನ ಓಟ. ಜಿಗಿತದ ಪಂದ್ಯದಲ್ಲಾದರೋ ಕುದುರೆಯು ಓಡುತ್ತಲೇ ಬೇಲಿಗಳನ್ನೂ ಹಳ್ಳಗಳನ್ನೂ ಹಾರಬೇಕು. ಇದರ ಪ್ರಮುಖ ಪ್ರಕಾರಕ್ಕೆ ‘ಸ್ಟೀಪಲ್‌ಚೇಸ್’ ಎಂದು ಹೆಸರು. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಸವಾರರು ಬಟವಂಟ್ ಊರಿನ ಚರ್ಚಿನಿಂದ ಡೊನರೈಲ್ ಊರಿನ ಚರ್ಚಿನವರೆಗೆ ಹೊಲ, ಬೇಲಿ, ತೊರೆಗಳನ್ನು ದಾಟಿ ಪಂತ ಕಟ್ಟಿ ಓಡಿದರೆಂಬುದು ಪ್ರಸಿದ್ಧ. ಚರ್ಚಿನ ಗೋಪುರವೇ, ಅಂದರೆ ‘ಸ್ಟೀಪಲ್’, ಅವರಿಗೆ ಗುರಿ ತೋರುವ ಗುರುತಾಗಿತ್ತು. ಬಯಲಿನ ಈ ಪಂತವನ್ನು ಆವರಣದೊಳಗೆ ತಂದು, ಟಿಕೆಟ್ ಕೊಂಡ ಪ್ರೇಕ್ಷಕರ ಮುಂದಿಟ್ಟಾಗ ಅದು ಉದ್ಯಮವಾಯಿತು.

ಆರಂಭದ ದಿನಗಳು

ಏಂಟ್ರಿಯಲ್ಲಿ ಆ ಕೆಲಸ ಮಾಡಿದವನು ಲಿವರ್‌ಪೂಲಿನ ವಾಟರ್ಲೂ ಹೋಟೆಲಿನ ಮಾಲೀಕ ವಿಲಿಯಂ ಲಿನ್. ಆತ ಸೆಫ್ಟನ್ ಪ್ರಭುವಿನಿಂದ ಭೂಮಿಯನ್ನು ಗುತ್ತಿಗೆಗೆ ಪಡೆದು, ಪ್ರೇಕ್ಷಕರ ಅಟ್ಟಣೆ ಕಟ್ಟಿಸಿ, 1829ರಲ್ಲಿ ಸಾಧಾರಣ ಓಟಗಳನ್ನು ಆರಂಭಿಸಿದನು. ಮುಂದೆ ‘ಗ್ರ್ಯಾಂಡ್ ನ್ಯಾಷನಲ್’ ಎಂದು ವಿಶ್ವವಿಖ್ಯಾತವಾದ ಜಿಗಿತದ ಪಂದ್ಯದ ಮೊದಲನೆಯದೆಂದು ಎಣಿಸಲಾಗುವ ಓಟವು 1839ರ ಫೆಬ್ರವರಿ 26ರಂದು ನಡೆಯಿತು. ಗೆದ್ದ ಕುದುರೆಯ ಹೆಸರು ‘ಲಾಟರಿ’. ಆ ದಿನ ಕ್ಯಾಪ್ಟನ್ ಮಾರ್ಟಿನ್ ಬೀಚರ್ ಎಂಬ ಸವಾರನು ತೊರೆಯೊಳಗೆ ಬಿದ್ದು, ಹಿಂದಿನಿಂದ ಬರುವ ಕುದುರೆಗಳು ದಾಟಿಹೋಗುವವರೆಗೆ ಅಲ್ಲಿಯೇ ಅಡಗಿ ಕುಳಿತನು. ಆ ಬೇಲಿಗೆ ಇಂದಿಗೂ ‘ಬೀಚರ್ಸ್ ಬ್ರುಕ್’, ಅಂದರೆ ಬೀಚರನ ತೊರೆ, ಎಂದೇ ಹೆಸರು. 1848ರಲ್ಲಿ ಗುತ್ತಿಗೆಯು ಎಡ್ವರ್ಡ್ ಟಾಪಮ್‌ನ ಕೈ ಸೇರಿತು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಟಾಪಮ್ ಕುಟುಂಬವೇ ಮೈದಾನವನ್ನು ನಡೆಸಿತು.

ಮೈದಾನದ ವಿನ್ಯಾಸ

ಗ್ರ್ಯಾಂಡ್ ನ್ಯಾಷನಲ್ ಪಥದ ಒಂದು ಸುತ್ತು ಸುಮಾರು ಎರಡೂಕಾಲು ಮೈಲಿ. ಓಟವು ಎಡಸುತ್ತಿನದು. ಪಥದಲ್ಲಿ 16 ಬೇಲಿಗಳಿವೆ. ಎರಡು ಸುತ್ತಿನ ಓಟದಲ್ಲಿ ಮೊದಲ 14ನ್ನು ಎರಡು ಬಾರಿ, ಉಳಿದ ಎರಡನ್ನು ಒಂದೇ ಬಾರಿ ಹಾರಬೇಕು. ಹೀಗೆ ಒಟ್ಟು 30 ಜಿಗಿತ, ಸುಮಾರು 6.9 ಕಿಲೋಮೀಟರ್ ದೂರ. ಬೇಲಿಗಳಿಗೆ ಸ್ಪ್ರೂಸ್ ಮರದ ಹಸಿರು ರೆಂಬೆಗಳನ್ನು ಹೊದಿಸುವುದು ಇಲ್ಲಿನ ವಿಶೇಷ.

ಪ್ರಮುಖ ಬೇಲಿಗಳು ಹೀಗಿವೆ. ಆರನೆಯದು ಬೀಚರ್ಸ್ ಬ್ರುಕ್; ಎತ್ತರ 4 ಅಡಿ 10 ಅಂಗುಲ. ಹಾರುವ ಕಡೆಗಿಂತ ಇಳಿಯುವ ಕಡೆಯ ನೆಲ ತಗ್ಗಾಗಿರುವುದರಿಂದ ಕುದುರೆಯ ಅಂದಾಜು ತಪ್ಪುವುದುಂಟು. ಏಳನೆಯದು ಕೇವಲ 4 ಅಡಿ 6 ಅಂಗುಲದ್ದಾದರೂ 1967ರಲ್ಲಿ ಅಲ್ಲಿಯೇ ಕುದುರೆಗಳು ಒಂದರ ಮೇಲೊಂದು ಬಿದ್ದು ದಾರಿ ಮುಚ್ಚಿಹೋಯಿತು. ಬಹಳ ಹಿಂದೆ ಉಳಿದಿದ್ದ ‘ಫಾಯ್ನವಾನ್’ ಎಂಬ ಕುದುರೆ ಆ ಗೊಂದಲವನ್ನು ದಾಟಿ ಮುನ್ನಡೆದು, ಒಂದಕ್ಕೆ ನೂರರ ದರದಲ್ಲಿ ಗೆದ್ದಿತು. ಬೇಲಿಗೆ ಈಗ ಅದರದೇ ಹೆಸರು. ಎಂಟನೆಯದು ‘ಕೆನಾಲ್ ಟರ್ನ್’. ಪಕ್ಕದಲ್ಲಿಯೇ ಲೀಡ್ಸ್–ಲಿವರ್‌ಪೂಲ್ ಕಾಲುವೆ ಇರುವುದರಿಂದ ಬೇಲಿಯನ್ನು ಹಾರಿದೊಡನೆ ಪಥವು ಲಂಬಕೋನದಲ್ಲಿ ಎಡಕ್ಕೆ ತಿರುಗುತ್ತದೆ. ಹದಿನೈದನೆಯದಾದ ‘ಚೇರ್’ ಎಲ್ಲಕ್ಕಿಂತ ಎತ್ತರದ್ದು. 5 ಅಡಿ 2 ಅಂಗುಲ, ಮುಂದೆ ಅಗಲವಾದ ಕಂದಕ. ಹಿಂದೆ ಅಲ್ಲಿ ತೀರ್ಪುಗಾರನ ಕುರ್ಚಿಯಿದ್ದುದರಿಂದ ಈ ಹೆಸರು ಬಂದಿತು. ಹದಿನಾರನೆಯದು ನೀರಿನ ಹೊಂಡ. ಕಡೆಯ ಬೇಲಿಯಿಂದ ಗೆಲುವಿನ ಕಂಬಕ್ಕೆ 494 ಗಜ ದೂರ. ದಣಿದ ಕುದುರೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಇಂತಹ ಪಥಕ್ಕೆ ವಿಸ್ತಾರವಾದ ಭೂಮಿ ಬೇಕು. ಆದರೆ ಅದು ಹಣ ತರುವುದು ವರ್ಷದಲ್ಲಿ ಕೆಲವೇ ದಿನ. ಮೈದಾನದ ಕೀರ್ತಿಗೆ ಕಾರಣವಾದ ವಿಸ್ತಾರವೇ ಅದರ ಆರ್ಥಿಕ ಹೊರೆಯೂ ಆಗಿತ್ತು.

ಒಡೆತನ ಮತ್ತು ಮೊಕದ್ದಮೆ

1949ರಲ್ಲಿ ಟಾಪಮ್ ಕುಟುಂಬದ ಕಂಪನಿಯು ಸೆಫ್ಟನ್ ಪ್ರಭುವಿನಿಂದ ಭೂಮಿಯನ್ನು 2,75,000 ಪೌಂಡಿಗೆ ಕ್ರಯಕ್ಕೆ ಪಡೆಯಿತು. ಕಂಪನಿಯ ಸೂತ್ರಧಾರಿಣಿ, ಹಿಂದೆ ರಂಗನಟಿಯಾಗಿದ್ದ ಮಿರಾಬೆಲ್ ಟಾಪಮ್. ಖಾಲಿ ದಿನಗಳಲ್ಲಿಯೂ ಭೂಮಿ ದುಡಿಯಬೇಕೆಂದು ಆಕೆ 1953ರಲ್ಲಿ ಒಳಭಾಗದಲ್ಲಿ ‘ಮಿಲ್ಡ್‌ಮೇ’ ಎಂಬ ಚಿಕ್ಕ ಪಥವನ್ನೂ, 1954ರಲ್ಲಿ ಮೂರು ಮೈಲಿಯ ಮೋಟಾರು ಪಥವನ್ನೂ ತೆರೆದರು. 1955 ಮತ್ತು 1962ರ ನಡುವೆ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಮೋಟಾರು ಪಂದ್ಯವು ಐದು ಬಾರಿ ಇಲ್ಲಿ ನಡೆಯಿತು. ಆದರೂ ಲೆಕ್ಕ ಸರಿಹೋಗಲಿಲ್ಲ. 1964ರಲ್ಲಿ ಭೂಮಿಯನ್ನು ವಸತಿ ನಿರ್ಮಾಣದ ಕಂಪನಿಯೊಂದಕ್ಕೆ ಮಾರುವುದಾಗಿ ಆಕೆ ಪ್ರಕಟಿಸಿದರು.

ಇಲ್ಲಿಂದ ಮುಂದಿನದು ವಾಣಿಜ್ಯಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಭಾಗ. ಸೆಫ್ಟನ್ ದಂಪತಿಗಳು ಬದುಕಿರುವವರೆಗೆ ಕುದುರೆ ಪಂದ್ಯ ಮತ್ತು ಕೃಷಿಯ ಹೊರತು ಬೇರೆ ಬಳಕೆಗೆ ತಾನು ಕಾರಣವಾಗುವುದಿಲ್ಲ, ಅನುಮತಿಯನ್ನೂ ಕೊಡುವುದಿಲ್ಲ ಎಂದು ಕಂಪನಿಯು ಕ್ರಯದ ಕಾಲದಲ್ಲಿ ಒಪ್ಪಿಕೊಂಡಿತ್ತು. ಪ್ರಭುವು ನ್ಯಾಯಾಲಯದ ಮೊರೆಹೊಕ್ಕನು. ಕೆಳಗಿನ ನ್ಯಾಯಾಲಯಗಳಲ್ಲಿ ಆತನಿಗೆ ಜಯ ದೊರೆತರೂ, 1966ರಲ್ಲಿ ಹೌಸ್ ಆಫ್ ಲಾರ್ಡ್ಸ್ ಟಾಪಮ್ ಕಂಪನಿಯ ಪರವಾಗಿ ತೀರ್ಪು ನೀಡಿತು. ತನ್ನ ಹತೋಟಿಯಲ್ಲಿರುವ ವಿಷಯಕ್ಕೆ ಮಾತ್ರ ಒಬ್ಬನು ‘ಅನುಮತಿ’ ಕೊಡಬಲ್ಲನು. ಮಾರಿದ ಮೇಲೆ ಹತೋಟಿಯೇ ಇಲ್ಲದಿರುವಾಗ, ಕೊಳ್ಳುವವನು ಮನೆ ಕಟ್ಟುತ್ತಾನೆಂದು ತಿಳಿದು ಮಾರಿದರೂ ಅದು ಅನುಮತಿಯಾಗದು ಎಂಬುದು ತೀರ್ಪಿನ ಸಾರ. ಷರತ್ತು ಬಳಕೆಯನ್ನು ಕುರಿತು ಮಾತನಾಡಿತ್ತು, ಮಾರಾಟವನ್ನು ಕುರಿತು ಮೌನವಾಗಿತ್ತು.

ಕಾನೂನಿನ ತಡೆ ಬಿದ್ದುಹೋದರೂ ಅಲ್ಲಿ ಮನೆಗಳೇಳಲಿಲ್ಲ. 1973ರಲ್ಲಿ ಬಿಲ್ ಡೇವಿಸ್ ಎಂಬ ಭೂ ಉದ್ಯಮಿ ಮೈದಾನವನ್ನು 30 ಲಕ್ಷ ಪೌಂಡಿಗೆ ಕೊಂಡನು. ಆತ 1975ರಲ್ಲಿ ಪ್ರವೇಶ ದರವನ್ನು ಮೂರು ಪಟ್ಟು ಏರಿಸಿದನು. ಆ ವರ್ಷ ಬಂದ ಜನ ಅತ್ಯಲ್ಪ. ಪಂದ್ಯದ ಹೆಸರಿನ ಮೇಲೆ ಎಷ್ಟು ಬೇಕಾದರೂ ವಸೂಲು ಮಾಡಬಹುದೆಂಬ ಎಣಿಕೆ ಸುಳ್ಳಾಯಿತು. 1976ರಿಂದ ಲ್ಯಾಡ್‌ಬ್ರೋಕ್ಸ್ ಎಂಬ ಪಂತ ವ್ಯವಹಾರದ ಸಂಸ್ಥೆಯು ನಿರ್ವಹಣೆಯನ್ನು ವಹಿಸಿಕೊಂಡಿತು. ಅದೇ ಕಾಲದಲ್ಲಿ ‘ರೆಡ್ ರಮ್’ ಎಂಬ ಕುದುರೆ 1973, 1974 ಮತ್ತು 1977ರಲ್ಲಿ ಗೆದ್ದು ಪಂದ್ಯವನ್ನು ಜನರ ಮನಸ್ಸಿನಲ್ಲಿ ಜೀವಂತವಾಗಿಟ್ಟಿತು. ಕೊನೆಗೆ ಸಾರ್ವಜನಿಕ ದೇಣಿಗೆಯ ಮನವಿ ಹಾಗೂ ಸೀಗ್ರಾಮ್ ಕಂಪನಿಯ ನೆರವಿನಿಂದ 1983ರಲ್ಲಿ ಜಾಕಿ ಕ್ಲಬ್ ಮೈದಾನವನ್ನು ಕೊಂಡಿತು. ಸೀಗ್ರಾಮ್ 1991ರವರೆಗೆ ಪ್ರಾಯೋಜಕನಾಗಿತ್ತು. ಆ ಕೊನೆಯ ವರ್ಷ ಗೆದ್ದ ಕುದುರೆಯ ಹೆಸರೂ ಕಾಕತಾಳೀಯವಾಗಿ ‘ಸೀಗ್ರಾಮ್’.

ಸುರಕ್ಷತೆಯ ವೆಚ್ಚ

ಭೂಮಿ ಉಳಿದ ಮೇಲೆ ಹೆಸರನ್ನು ಉಳಿಸಿಕೊಳ್ಳುವ ಪ್ರಶ್ನೆ ಎದುರಾಯಿತು. 1989ರಲ್ಲಿ ಬೀಚರ್ಸ್ ಬ್ರುಕ್‌ನಲ್ಲಿ ಎರಡು ಕುದುರೆಗಳು ಸತ್ತಾಗ ಅಲ್ಲಿನ ಹಳ್ಳವನ್ನು ಬಹುಮಟ್ಟಿಗೆ ತುಂಬಿಸಿ ಇಳಿಜಾರನ್ನು ತಗ್ಗಿಸಲಾಯಿತು. 2011 ಮತ್ತು 2012ರ ಪಂದ್ಯಗಳಲ್ಲಿ ತಲಾ ಎರಡು ಕುದುರೆಗಳು ಸತ್ತ ನಂತರ, 2013ರಲ್ಲಿ ಬೇಲಿಗಳ ಒಳಗಿನ ಮರದ ಚೌಕಟ್ಟನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನು ಅಳವಡಿಸಲಾಯಿತು. 2024ರಿಂದ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಲಾಗಿದೆ. ಪಂದ್ಯದ ಕಸುವು ಕುಂದಿತೆಂದು ಕೆಲವರು, ಇಷ್ಟು ಸಾಲದೆಂದು ಕೆಲವರು ಆಕ್ಷೇಪಿಸುತ್ತಾರೆ. ಜನರ ಮನಸ್ಸು ನೊಂದರೆ ಕೀರ್ತಿಮೌಲ್ಯ ಕರಗುವುದೆಂಬುದನ್ನು ನೆನೆದರೆ, ಈ ವೆಚ್ಚವನ್ನು ಆಸ್ತಿಯ ದುರಸ್ತಿಯೆಂದೇ ಪರಿಗಣಿಸುವುದು ಯುಕ್ತ.

ಉಪಸಂಹಾರ

ಏಂಟ್ರಿಯ ಇತಿಹಾಸದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಭೂಮಿಯನ್ನು ಮಾರುವಾಗ ಮುಂದಿನ ಬಳಕೆಯ ಬಗ್ಗೆ ಷರತ್ತು ಬರೆಸುವವರು ಅದು ಮರುಮಾರಾಟದ ನಂತರವೂ ನಿಲ್ಲುವುದೇ ಎಂಬುದನ್ನು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು; ನಮ್ಮಲ್ಲಿ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ದೃಷ್ಟಿಯಿಂದಲೂ ಇದು ಅಗತ್ಯ. ಎರಡನೆಯದು, ಅಢಾವೆ ಪತ್ರಿಕೆಯಲ್ಲಿ ಕಾಣದ ಹೆಸರೇ ಕೆಲವೊಮ್ಮೆ ಅದರಲ್ಲಿ ಕಾಣುವ ಭೂಮಿಯನ್ನು ಕಾಯುತ್ತದೆ. ಕ್ರಯಪತ್ರದ ಷರತ್ತು ಉಳಿಸಲಾಗದ ಮೈದಾನವನ್ನು ಜನರ ಅಭಿಮಾನವು ಉಳಿಸಿತು. ಹೆಸರು ಗಳಿಸಿದ ಹಳೆಯ ಉದ್ಯಮವನ್ನು ಮುಚ್ಚಿ ಜಾಗ ಮಾರಲು ಹೊರಡುವ ಮುನ್ನ ಈ ಬಾಬತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.