ಕಣ್ಣು ಉಳಿಸಿದರೆ ಜೀವಕ್ಕೆ ಅಪಾಯವೇ?

ಕಳೆದ ವಾರ ಏಳನೇ ತರಗತಿಯ ಮೊಮ್ಮಗಳು ಕೇಳಿದಳು: "ತಾತ, ಕಣ್ಣೊಳಗೂ ಕ್ಯಾನ್ಸರ್ ಬರುತ್ತಂತೆ. ಆಗ ಕಣ್ಣನ್ನೇ ತೆಗೆದುಬಿಡ್ತಾರಾ?" ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಓದಿ ತಿಳಿದದ್ದನ್ನು ಲೆಕ್ಕದಂತೆಯೇ ಹೇಳಿದೆ.

ದೊಡ್ಡವರ ಕಣ್ಣೊಳಗೆ ಹುಟ್ಟುವ ಮುಖ್ಯ ಕ್ಯಾನ್ಸರಿನ ಹೆಸರು ಮೆಲನೋಮ. ಹಿಂದೆ ಇದಕ್ಕೆ ಕಣ್ಣು ತೆಗೆಯುವುದೇ ಮದ್ದು. ಆಮೇಲೆ ಇನ್ನೊಂದು ದಾರಿ ಬಂತು. ವಿಕಿರಣ ಸೂಸುವ, ನಾಣ್ಯದಂಥ ಪುಟ್ಟ ಬಿಲ್ಲೆಯನ್ನು ಶಸ್ತ್ರಕ್ರಿಯೆ ಮಾಡಿ ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿಯುತ್ತಾರೆ. ಕೆಲವು ದಿನಗಳಲ್ಲಿ ಗಡ್ಡೆಗೆ ಬೇಕಾದಷ್ಟು ವಿಕಿರಣ ತಲುಪುತ್ತದೆ. ಆಮೇಲೆ ಬಿಲ್ಲೆಯನ್ನು ತೆಗೆಯುತ್ತಾರೆ, ಕಣ್ಣು ಉಳಿಯುತ್ತದೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೂ ರುಥೇನಿಯಂ-106 ಬಳಸಿ ಇಂಥ ಬಿಲ್ಲೆ ತಯಾರಿಸಿದೆ.

ಆದರೆ ಕಣ್ಣು ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಂಡಂತಾಗುವುದಿಲ್ಲವೇ? ಅಮೆರಿಕ, ಕೆನಡಾಗಳಲ್ಲಿ ಮಧ್ಯಮ ಗಾತ್ರದ ಗಡ್ಡೆಯಿದ್ದ 1,317 ಮಂದಿಯನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದರು. ಐದು ವರ್ಷದ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 80 ಮಂದಿ ಬದುಕಿದ್ದರು. ಹನ್ನೆರಡು ವರ್ಷದ ಲೆಕ್ಕದಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಣ್ಣು ಉಳಿಸಿದ್ದರಿಂದ ಜೀವಕ್ಕೆ ನಷ್ಟವಾಗಲಿಲ್ಲ.

ಖರ್ಚಿನ ಬಾಬತ್ತೂ ಇದೆ. ಬಿಲ್ಲೆ ಇಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೂರು ವರ್ಷದಲ್ಲಿ ಆ ಕಣ್ಣಿನ ದೃಷ್ಟಿ ಬಹಳ ಕುಂದಿತ್ತು. ಎಂಟರಲ್ಲಿ ಒಬ್ಬರಿಗೆ ಐದು ವರ್ಷದೊಳಗೆ ಕಣ್ಣು ತೆಗೆಯಲೇಬೇಕಾಯಿತು. ಚಿಕಿತ್ಸೆಗೆ ಮೊದಲೇ ಕ್ಯಾನ್ಸರಿನ ಕಣಗಳು ಯಕೃತ್ತಿಗೆ ಹೋಗಿ ಅಡಗಿ ಕೂತು, ಎಷ್ಟೋ ವರ್ಷದ ಮೇಲೆ ತಲೆಯೆತ್ತುವುದೂ ಉಂಟು. ಖ್ಯಾತ ನರವೈದ್ಯ, ಲೇಖಕ ಆಲಿವರ್ ಸ್ಯಾಕ್ಸ್ ಅವರಿಗೆ 2006ರಲ್ಲಿ ಚಿಕಿತ್ಸೆಯಾಯಿತು. ಆ ಕಣ್ಣಿನ ದೃಷ್ಟಿ ಹೋಯಿತು. ಆದರೂ ಬರೆಯುತ್ತಲೇ ಇದ್ದರು. ರೋಗ ಯಕೃತ್ತಿಗೆ ಹರಡಿ 2015ರಲ್ಲಿ ತೀರಿಕೊಂಡರು. ಹೀಗಾಗಿ ಗಡ್ಡೆ ಕರಗಿತೆಂದು ಖಾತೆ ಮುಚ್ಚುವಂತಿಲ್ಲ. ತಪಾಸಣೆ ಜೀವನಪೂರ್ತಿ ಬೇಕು.

ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮ ಬೇರೆ ರೋಗ. ಹೆಚ್ಚಾಗಿ ಐದು ವರ್ಷದೊಳಗಿನ ಕೂಸುಗಳಿಗೆ ಬರುತ್ತದೆ. ಬೇಗ ಸಿಕ್ಕರೆ ಜೀವದ ಜೊತೆಗೆ ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಅದರ ಗುರುತು ನಮ್ಮ ಮೊಬೈಲಿನಲ್ಲೇ ಸಿಕ್ಕೀತು: ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು. ಹಾಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಇಷ್ಟು ಕೇಳಿದ ಮೊಮ್ಮಗಳು ನನ್ನ ಮೊಬೈಲು ಕಿತ್ತುಕೊಂಡು, ಒಂದೂವರೆ ವರ್ಷದ ತಮ್ಮನ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡತೊಡಗಿದಳು. ನೀವೂ ನೋಡಿ.