ಮಲ್ಲಿಗೆಯ ಪರಿಮಳ, ಕಪ್ಪೆಯ ಮೂಗು



ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಬೆಳಗಿನ ಜಾವ ಐದು ಗಂಟೆಗೆ ಹೋಗಿದ್ದೀರಾ? ಅಂಗಡಿಗಳು ಕಣ್ಣಿಗೆ ಬೀಳುವ ಮೊದಲೇ ಮಲ್ಲಿಗೆ, ಸುಗಂಧರಾಜ, ದವನ ನಿಮ್ಮನ್ನು ಕರೆಯುತ್ತವೆ. 2021ರಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡು ಅಲ್ಲಿಗೆ ಹೋದಾಗ ನನಗೆ ಒಂದು ವಿಚಿತ್ರ ಅನುಭವವಾಯಿತು. ಮಲ್ಲಿಗೆಯನ್ನು ಮೂಗಿಗೆ ಹಿಡಿದರೂ ಏನೂ ತಿಳಿಯಲಿಲ್ಲ. ವಾಸನೆಯೇ ಇಲ್ಲದ ಕನಕಾಂಬರವೂ ಅದೂ ಒಂದೇ ಆಗಿತ್ತು. "ಈಗ ತಾನೇ ಬಂದ ಹೂವು ಸಾರ್" ಎಂದು ಹೂ ಮಾರುವಾಕೆ ನೊಂದುಕೊಂಡರು. ತಪ್ಪು ಹೂವಿನದಲ್ಲ, ನನ್ನ ಮೂಗಿನದು. ಎರಡು ತಿಂಗಳಲ್ಲಿ ವಾಸನೆ ಮರಳಿತು. ಆದರೆ ಹೂವಿನ ಕಂಪು ಮಿದುಳನ್ನು ಮುಟ್ಟುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಉತ್ತರದ ಒಂದು ಭಾಗವನ್ನು ಕೊಟ್ಟದ್ದು ಕಪ್ಪೆ!

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮೂಗಿನೊಳಗಿನ ವಿದ್ಯುತ್ತು ಅದಕ್ಕಿಂತ ಬಹಳ ಹಳೆಯದು. ಘ್ರಾಣ ನರಕೋಶಗಳ ತುದಿಯಲ್ಲಿ ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಮಾಂಗಗಳಿವೆ. ಪರಿಮಳದ ಅಣು ಅಲ್ಲಿನ ಗ್ರಾಹಕಕ್ಕೆ ಅಂಟಿಕೊಂಡಾಗ ಪೊರೆಯ ಒಂದು ಬಗೆಯ ನಾಳಗಳು ತೆರೆದುಕೊಂಡು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ಈ ಕ್ಯಾಲ್ಸಿಯಂ ಮತ್ತೊಂದು ಬಾಗಿಲನ್ನು ತೆರೆಯುತ್ತದೆ. ಅದೇ ಕ್ಯಾಲ್ಸಿಯಂನಿಂದ ಚಾಲನೆಗೊಳ್ಳುವ ಕ್ಲೋರೈಡ್ ನಾಳ.

ಬಹುಪಾಲು ನರಕೋಶಗಳಲ್ಲಿ ಕ್ಲೋರೈಡ್ ಒಳಗೆ ಬಂದು ಕೋಶವನ್ನು ಶಾಂತಗೊಳಿಸುತ್ತದೆ. ಘ್ರಾಣ ಕೋಶವಾದರೋ ಕ್ಲೋರೈಡನ್ನು ಮೊದಲೇ ಒಳಗೆ ಕೂಡಿಟ್ಟುಕೊಂಡಿರುತ್ತದೆ. ಆದ್ದರಿಂದ ಬಾಗಿಲು ತೆರೆದೊಡನೆ ಅದು ಹೊರಗೆ ಹರಿಯುತ್ತದೆ. ಮಾರುಕಟ್ಟೆಯ ತಕ್ಕಡಿಯನ್ನು ನೆನೆಯಿರಿ. ಬಲದ ತಟ್ಟೆ ತಗ್ಗಬೇಕಾದರೆ ಬಲಕ್ಕೆ ತೂಕ ಹಾಕಬಹುದು, ಇಲ್ಲವೇ ಎಡದಿಂದ ತೆಗೆಯಬಹುದು. ಹಾಗೆಯೇ ಋಣ ಆವೇಶದ ಕ್ಲೋರೈಡ್ ಹೊರಹೋದರೆ ಕೋಶದೊಳಗೆ ಧನ ಆವೇಶ ಸೇರಿಸಿದಂತೆಯೇ ಆಗುತ್ತದೆ. ಸಣ್ಣ ಸಂಕೇತ ದೊಡ್ಡದಾಗುತ್ತದೆ.

1991ರಲ್ಲಿ ಅಮೆರಿಕದ ಸ್ಟೀವನ್ ಕ್ಲೀನ್ ಮತ್ತು ರಾಬರ್ಟ್ ಗೆಸ್ಟ್‌ಲ್ಯಾಂಡ್ ಕಪ್ಪೆಯ ಘ್ರಾಣ ಲೋಮಾಂಗಗಳಲ್ಲಿ ಈ ಪ್ರವಾಹವನ್ನು ವರದಿ ಮಾಡಿದರು. ಒಂದೇ ಒಂದು ಲೋಮಾಂಗವನ್ನು ಗಾಜಿನ ಸೂಕ್ಷ್ಮ ನಳಿಕೆಯೊಳಗೆ ಎಳೆದುಕೊಂಡು ಅಳೆದ ಸಾಹಸವದು.

ಇಂತಹ ನಾಳ ಆಫ್ರಿಕಾದ ಜೆನೋಪಸ್ ಕಪ್ಪೆಯ ಮೊಟ್ಟೆಯಲ್ಲಿಯೂ ಇದೆ. ವೀರ್ಯಾಣು ಸೇರಿದೊಡನೆ ಕ್ಯಾಲ್ಸಿಯಂ ಏರಿ, ಕ್ಲೋರೈಡ್ ಹೊರಹರಿದು, ಪೊರೆಯ ವಿಭವ ಬದಲಾಗಿ ಎರಡನೆಯ ವೀರ್ಯಾಣುವಿಗೆ ದಾರಿ ಮುಚ್ಚುತ್ತದೆ. ನೈಫ್ಲೂಮಿಕ್ ಆಮ್ಲವೆಂಬ ಉರಿಯೂತ ಶಮನಕಾರಿ ಔಷಧ ಈ ಮೊಟ್ಟೆಗಳ ಕ್ಲೋರೈಡ್ ಪ್ರವಾಹವನ್ನು ತಡೆಯುತ್ತದೆ, ತೊಳೆದರೆ ಪ್ರವಾಹ ಮರಳುತ್ತದೆ ಎಂದು 1990ರಲ್ಲಿ ತಿಳಿದುಬಂತು. ಕಪ್ಪೆಯ ಲೋಮಾಂಗಗಳಲ್ಲಿಯೂ ಅದು ಪ್ರವಾಹವನ್ನು ಕುಗ್ಗಿಸಿತು.

ಇಲ್ಲಿ ಎಚ್ಚರ ಬೇಕು. ಒಂದು ಬೀಗಕ್ಕೆ ಹಾಕಿದ ಅಂಟು ಪಕ್ಕದ ಬೀಗಕ್ಕೂ ತಾಗಬಹುದು. ನೈಫ್ಲೂಮಿಕ್ ಆಮ್ಲ ಬೇರೆ ನಾಳಗಳ ಮೇಲೂ ಪರಿಣಾಮ ಬೀರುತ್ತದೆ. ಆದ್ದರಿಂದ ಔಷಧದ ಸಾಕ್ಷ್ಯ ಒಂದೇ ಸಾಲದು. 2008ರಲ್ಲಿ ಮೂರು ತಂಡಗಳು ಇಂತಹ ನಾಳದ ಪ್ರೋಟೀನನ್ನು ಗುರುತಿಸಿದವು. ಘ್ರಾಣ ಕೋಶದಲ್ಲಿರುವುದು ಅದೇ ಕುಟುಂಬದ ಅನಾಕ್ಟಮಿನ್-2. 2011ರಲ್ಲಿ ಈ ಜೀನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿದಾಗ ಕ್ಲೋರೈಡ್ ಪ್ರವಾಹ ಬಹುತೇಕ ಮಾಯವಾಗಿತ್ತು. ಆದರೂ ಇಲಿಗಳು ವಾಸನೆ ಹಿಡಿದವು! 2016ರ ಇನ್ನೊಂದು ಅಧ್ಯಯನವಾದರೋ ಅಪರಿಚಿತ ವಾಸನೆಯನ್ನು ಹುಡುಕುವುದರಲ್ಲಿ ಅಂತಹ ಇಲಿಗಳಿಗೆ ವ್ಯತ್ಯಾಸವಿದೆ ಎಂದಿತು. ಪ್ರವಾಹ ಇದೆ ಎಂದು ತೋರಿಸುವುದು ಒಂದು, ಅದು ಬದುಕಿಗೆ ಎಷ್ಟು ಅಗತ್ಯ ಎಂದು ತೋರಿಸುವುದು ಇನ್ನೊಂದು. ಈ ಭೇದವೇ ಇಂದಿನ ಪಾಠದ ತಿರುಳು.

ಹಾಗಾದರೆ ನನ್ನ ಮಲ್ಲಿಗೆ ಕಳೆದುಹೋದದ್ದು ಈ ನಾಳದಿಂದಲೇ? ಅಲ್ಲ. ಕೋವಿಡ್ ವೈರಾಣು ಮುಖ್ಯವಾಗಿ ಸೋಂಕು ತಗುಲಿಸುವುದು ಘ್ರಾಣ ನರಕೋಶಗಳಿಗಲ್ಲ, ಅವುಗಳನ್ನು ಪೋಷಿಸುವ ಆಧಾರ ಕೋಶಗಳಿಗೆ. ಆಸರೆ ಕುಸಿದರೆ ನರಕೋಶವೂ ಸೊರಗುತ್ತದೆ. ವಾಸನೆ ಹೋಗಿ ಬಹುಕಾಲ ಮರಳದಿದ್ದರೆ ನಾಳ, ಔಷಧ ಎಂದು ತಾವೇ ತೀರ್ಮಾನಿಸದೆ ವೈದ್ಯರನ್ನು ಕಾಣಿ.

ನಿಮಗೊಂದು ಪ್ರಯೋಗ. ಕಪ್ಪೆ ಹಿಡಿಯುವುದು ಬೇಡ. ಹೂವಿನ ಸಾಲಿನಲ್ಲಿ ಒಂದು ಕಡೆ ನಿಂತು, ಗೆಳೆಯರು ಒಂದೊಂದಾಗಿ ಹಿಡಿಯುವ ಹೂಗಳನ್ನು ಕಣ್ಣು ಮುಚ್ಚಿ ಗುರುತಿಸಿ. ಎಷ್ಟು ಸರಿಯಾಯಿತೆಂದು ಬರೆದಿಡಿ. ಮನೆಗೆ ಹೋಗುವಾಗ ಒಂದು ಮೊಳ ಮಲ್ಲಿಗೆ ಕೊಳ್ಳುವುದನ್ನು ಮರೆಯಬೇಡಿ.