ಪೊರೆಯನ್ನು ಪೊರೆಯುವ ಬಗೆ

ಕನ್ನಡದಲ್ಲಿ ‘ಪೊರೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ನಾಮಪದವಾದಾಗ ಅದು ತೆಳ್ಳನೆಯ ಹೊದಿಕೆ. ಹಾವು ಕಳಚುವುದು ಪೊರೆ, ಮುಪ್ಪಿನಲ್ಲಿ ಕಣ್ಣಿಗೆ ಬರುವುದು ಪೊರೆ. ಕ್ರಿಯಾಪದವಾದಾಗ ಕಾಪಾಡು, ಸಲಹು ಎಂಬ ಅರ್ಥ. ಈ ಎರಡಕ್ಕೂ ಮೂಲದಲ್ಲಿ ನಂಟಿದೆಯೇ ಎಂಬುದನ್ನು ನಿಘಂಟುಕಾರರಿಗೆ ಬಿಡೋಣ. ಜೀವಕೋಶದ ಮಟ್ಟಿಗಂತೂ ಎರಡೂ ಒಂದೇ. ನಮ್ಮ ಶರೀರದ ಪ್ರತಿಯೊಂದು ಕೋಶವನ್ನೂ ಒಂದು ಪೊರೆ ಪೊರೆಯುತ್ತಿದೆ. ಹಾಗಾದರೆ ಆ ಪೊರೆಯನ್ನು ಪೊರೆಯುವುದು ಯಾವುದು? ಇಂದಿನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಪೊರೆಯ ಮುಖ್ಯ ದ್ರವ್ಯ ಮೇದಸ್ಸಿನ ಜಾತಿಗೆ ಸೇರಿದ ಲಿಪಿಡ್ ಎಂಬ ಅಣುಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಒಗ್ಗುತ್ತದೆ. ಬಾಲಕ್ಕೆ ಎಣ್ಣೆಯಂತೆ ನೀರು ಆಗದು. ಆದಕಾರಣ ನೀರಿನಲ್ಲಿ ಅವು ಬಾಲಕ್ಕೆ ಬಾಲ ತಾಗಿಸಿ, ತಲೆಗಳನ್ನು ಹೊರಕ್ಕೆ ಚಾಚಿ, ಎರಡು ಪದರಗಳಾಗಿ ತಾವಾಗಿಯೇ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ಕೆಂಪು ರಕ್ತಕಣಗಳ ಲಿಪಿಡನ್ನು ಹೊರತೆಗೆದು, ನೀರಿನ ಮೇಲೆ ಹರಡಿ ಅಳೆದರು. ಅದರ ವಿಸ್ತಾರ ರಕ್ತಕಣಗಳ ಮೇಲ್ಮೈಯ ಎರಡರಷ್ಟಿತ್ತು. ಪೊರೆ ಇಮ್ಮಡಿಯಾದದ್ದೆಂದು ಅವರು ತೀರ್ಮಾನಿಸಿದರು. ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವು: ಲಿಪಿಡು ಪೂರ್ತಿಯಾಗಿ ಹೊರಬಂದಿರಲಿಲ್ಲ, ಕಣಗಳ ಮೇಲ್ಮೈಯನ್ನೂ ಕಡಮೆಯಾಗಿ ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಸತ್ಯ ಉಳಿಯಿತು! ಈ ಇಮ್ಮಡಿ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರು. ಎಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಭಾಗ.

ಕೋಶಕ್ಕೆ ಇರುವುದು ಹೊರಗಿನ ಪೊರೆಯೊಂದೇ ಅಲ್ಲ. ಒಳಗೂ ಪೊರೆಯಿಂದಾದ ಕೋಣೆಗಳಿವೆ. ಲಿಪಿಡುಗಳ ಬಹುಭಾಗ ತಯಾರಾಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಬಲೆಯಲ್ಲಿ. ಇಲ್ಲಿ ಅದನ್ನು ‘ಒಳಜಾಲ’ ಎಂದು ಕರೆಯೋಣ. ಅದರಾಚೆಗೆ ಸರಕನ್ನು ವಿಂಗಡಿಸಿ ಕಳುಹಿಸುವ ಗಾಲ್ಗಿ ಸಂಕೀರ್ಣ, ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯ, ಹಳೆಯದನ್ನು ಅರಗಿಸುವ ಲೈಸೊಸೋಮ್ ಇವೆ. ಆಶ್ಚರ್ಯದ ಸಂಗತಿಯೆಂದರೆ, ಒಂದೊಂದರ ಪೊರೆಯಲ್ಲಿಯೂ ಲಿಪಿಡುಗಳ ಪಾಕ ಬೇರೆ ಬೇರೆ. ಕೊಲೆಸ್ಟರಾಲನ್ನೇ ನೋಡಿ. ಅದು ಹುಟ್ಟುವುದು ಒಳಜಾಲದಲ್ಲಿ. ಆದರೆ ಒಳಜಾಲದ ಪೊರೆಯ ಲಿಪಿಡುಗಳಲ್ಲಿ ಅದರ ಪಾಲು ನೂರಕ್ಕೆ ಸುಮಾರು 5 ಮಾತ್ರ. ಹೊರಪೊರೆಯಲ್ಲಿ ನೂರಕ್ಕೆ 30ರಿಂದ 40. ಹಾಗಿರಬೇಕಾದದ್ದೂ ಸರಿಯೆ. ಹೊರಪೊರೆ ಬಿಗಿಯಾಗಿ, ಸೋರದಂತೆ ಇರಬೇಕು. ಆ ಬಿಗಿಯನ್ನು ಕೊಡುವುದು ಕೊಲೆಸ್ಟರಾಲು. ಒಳಜಾಲದ ಪೊರೆ ತೆಳುವಾಗಿ, ಸಡಿಲವಾಗಿ ಇರಬೇಕು. ಹೊಸ ಪ್ರೋಟೀನುಗಳು ಅದರೊಳಗೆ ನುಸುಳಬೇಕಲ್ಲ! ಆದರೆ ಹಾಲಿನಲ್ಲಿ ಸಕ್ಕರೆಯಂತೆ ಎಲ್ಲೆಡೆಯೂ ಸಮನಾಗಿ ಬೆರೆಯುವುದು ದ್ರವ್ಯದ ಸಹಜ ಗುಣ. ಅದನ್ನು ಎದುರಿಸಿ ಕೋಶ ಈ ವ್ಯತ್ಯಾಸವನ್ನು ಉಳಿಸಿಕೊಂಡಿರುವುದು ಹೇಗೆ?

ಸಾಗಾಣಿಕೆಯ ಒಂದು ಬಗೆ ಪುಟ್ಟ ಚೀಲಗಳದು. ಒಂದು ಪೊರೆಯಿಂದ ಮೊಗ್ಗಿನಂತೆ ಚೀಲವೊಂದು ಉಬ್ಬಿ, ಕಳಚಿಕೊಂಡು, ಸಾಗಿ, ಇನ್ನೊಂದು ಪೊರೆಯಲ್ಲಿ ಬೆರೆಯುತ್ತದೆ. ಈ ಸಂಚಾರದ ಮರ್ಮವನ್ನು ಬಿಡಿಸಿದ್ದಕ್ಕಾಗಿ ರಾಥ್‌ಮನ್, ಶೆಕ್‌ಮನ್, ಸ್ಯೂಡಾಫ್ ಎಂಬ ಮೂವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗಾಲ್ಗಿಯಿಂದ ಹೊರಪೊರೆಗೆ ಹೊರಡುವ ಚೀಲಗಳಲ್ಲಿ ಕೊಲೆಸ್ಟರಾಲು ಮತ್ತು ಅದಕ್ಕೆ ಹೊಂದುವ ಸ್ಫಿಂಗೊಲಿಪಿಡುಗಳು, ನಂಟರು ಒಂದೇ ಬಂಡಿ ಹತ್ತಿದಂತೆ, ಜೊತೆಗೂಡುತ್ತವೆ. ಆದರೆ ಚೀಲವೂ ಪೊರೆಯ ತುಣುಕೇ. ಚೀಲಗಳ ಹೋಗುಬರವು ಒಂದೇ ಇದ್ದಿದ್ದರೆ, ಎಲ್ಲ ಪೊರೆಗಳೂ ಕಾಲಕ್ರಮದಲ್ಲಿ ಕಲೆತುಹೋಗುವ ಅಪಾಯವಿತ್ತು.

ಎರಡನೆಯ ಬಗೆ ಹೆಚ್ಚು ಸೂಕ್ಷ್ಮವಾದದ್ದು. ಕೆಲವೆಡೆ ಎರಡು ಪೊರೆಗಳು, ಕೂಡಿಕೊಳ್ಳದೆ, 10ರಿಂದ 30 ನ್ಯಾನೊಮೀಟರಿನಷ್ಟು ಅಂತರದಲ್ಲಿ ಇಕ್ಕಟ್ಟಾದ ಓಣಿಯ ಎದುರುಬದುರು ಜಗಲಿಗಳಂತೆ ನಿಲ್ಲುತ್ತವೆ. ಅಲ್ಲಿ ಪ್ರೋಟೀನುಗಳು ಲಿಪಿಡಿನ ಅಣುಗಳನ್ನು ಒಂದೊಂದಾಗಿ ಎತ್ತಿ ಆಚೆಗೆ ದಾಟಿಸುತ್ತವೆ. 2003ರಲ್ಲಿ ಜಪಾನಿನ ಹನಾಡ ಮತ್ತು ಸಂಗಡಿಗರು, ಸೆರಮೈಡ್ ಎಂಬ ಲಿಪಿಡನ್ನು ಒಳಜಾಲದಿಂದ ಗಾಲ್ಗಿಗೆ ಹೊತ್ತೊಯ್ಯುವ ಇಂಥ ಒಂದು ಪ್ರೋಟೀನನ್ನು ಕಂಡುಹಿಡಿದರು. ನೀರಿಗೆ ಅಂಜುವ ಬಾಲಗಳನ್ನು ಅದು ತನ್ನ ಒಡಲಿನ ಕುಳಿಯಲ್ಲಿ ಬಚ್ಚಿಟ್ಟುಕೊಂಡು ಸಾಗುತ್ತದೆ.

ಕೊಲೆಸ್ಟರಾಲನ್ನು ಗಾಲ್ಗಿಗೆ ಒಯ್ಯುವ ಪ್ರೋಟೀನೊಂದರ ರೀತಿ ಇನ್ನೂ ಸ್ವಾರಸ್ಯವಾದದ್ದು. ಅದು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಸಂತೆಯಲ್ಲಿ ರಾಗಿ ಅಳೆದು ಉಪ್ಪು ಕೊಳ್ಳುತ್ತಿದ್ದ ಹಾಗೆ, ಕೊಲೆಸ್ಟರಾಲನ್ನು ಅಲ್ಲಿ ಇಳಿಸಿ ಬದಲಿಗೆ ಬೇರೊಂದು ಲಿಪಿಡನ್ನು ಒಳಜಾಲಕ್ಕೆ ತರುತ್ತದೆಂದು ಫ್ರಾನ್ಸಿನ ಸಂಶೋಧಕರು 2013ರಲ್ಲಿ ತೋರಿಸಿದರು. ಹಾಗೆ ಬಂದ ಲಿಪಿಡನ್ನು ಒಳಜಾಲ ಒಡೆದುಹಾಕುತ್ತದೆ. ಗಾಲ್ಗಿ ಅದನ್ನು ಮತ್ತೆ ತಯಾರಿಸುತ್ತದೆ. ಈ ತಯಾರಿಕೆಗೆ ಕೋಶ ತನ್ನ ಶಕ್ತಿಯನ್ನು, ಎಟಿಪಿ ಎಂಬ ಅಣುವಿನ ರೂಪದಲ್ಲಿ, ವ್ಯಯಮಾಡುತ್ತದೆ. ಕಡಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಕೊಲೆಸ್ಟರಾಲು ಏರಿಹೋಗುವ ಗುಟ್ಟು ಇದು. ಏರುದಾರಿಗೆ ಸುಂಕ ತೆರಲೇಬೇಕು.

ಒಂದೇ ಪೊರೆಯ ಎರಡು ಪದರಗಳ ನಡುವೆಯೂ ಇಂಥದೇ ಕಟ್ಟುಪಾಡಿದೆ. ಫಾಸ್ಫಟಿಡೈಲ್‌ಸೀರೀನ್ ಎಂಬ ಲಿಪಿಡು, ಸೀರೀನ್ ಲಿಪಿಡು ಎನ್ನೋಣ, ಆರೋಗ್ಯವಾಗಿರುವ ಕೋಶದ ಹೊರಪೊರೆಯಲ್ಲಿ ಒಳಪದರವನ್ನು ಬಿಟ್ಟು ಕದಲುವುದಿಲ್ಲ. ತಪ್ಪಿ ಹೊರಪದರಕ್ಕೆ ಬಂದುದನ್ನು ಮತ್ತೆ ಒಳಕ್ಕೆ ಮಗುಚಿಹಾಕುವ ಪ್ರೋಟೀನುಗಳಿವೆ. ಅವಕ್ಕೂ ಎಟಿಪಿ ಬೇಕು. ಸೆನ್ಯೂರೆ ಮತ್ತು ದೆವೊ ಎಂಬ ವಿಜ್ಞಾನಿಗಳು 1984ರಲ್ಲಿ ಕೆಂಪು ರಕ್ತಕಣಗಳಲ್ಲಿ ಈ ವ್ಯಾಪಾರವನ್ನು ಕಂಡರು. ಒಳಪದರದಲ್ಲಿ ಆ ಲಿಪಿಡಿಗೆ ಕೆಲಸವೂ ಉಂಟು. ಹೊರಪದರಕ್ಕೆ ತೊಡರಿಕೊಂಡಿರುವ ಕೆಲವು ಪ್ರೋಟೀನುಗಳನ್ನು ಗುಂಪುಗೂಡಿಸುವುದರಲ್ಲಿ ಅದರ ಪಾತ್ರವಿದೆಯೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್, ಮದನ್ ರಾವ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿಕೊಟ್ಟರು.

ಕೋಶ ಸಾಯತೊಡಗಿದಾಗ ಈ ಕಾವಲು ನಿಲ್ಲುತ್ತದೆ. ಎರಡು ಪದರಗಳನ್ನೂ ಕಲಸಿಬಿಡುವ ಬೇರೆ ಪ್ರೋಟೀನುಗಳು ಎಚ್ಚರಗೊಂಡು, ಸೀರೀನ್ ಲಿಪಿಡು ಹೊರಗೆ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಮನೆಯ ಮುಂದೆ ಬೆಂಕಿ ಹಾಕಿರುವುದನ್ನು ಕಂಡವರಿಗೆ ಒಳಗೆ ಏನಾಗಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಭಕ್ಷಕ ಕೋಶಗಳಿಗೂ ಹಾಗೆಯೇ. ಅವು ಬಂದು ಸಾಯುವ ಕೋಶವನ್ನು ನುಂಗಿ ತೆರವುಮಾಡುತ್ತವೆ. ಈ ಸಂಕೇತ 1992ರಲ್ಲಿ ಪತ್ತೆಯಾಯಿತು. ಅಣು ಅದೇ, ಒಳಗಿದ್ದರೆ ಬದುಕು, ಹೊರಗೆ ಬಂದರೆ ಸಾವಿನ ಸುದ್ದಿ.

ವಿಂಗಡಣೆ ತಪ್ಪಿದಾಗ ಆಗುವ ಅನಾಹುತಕ್ಕೆ ನೀಮನ್-ಪಿಕ್ ಸಿ ಎಂಬ ಆನುವಂಶಿಕ ಕಾಯಿಲೆ ಸಾಕ್ಷಿ. ಹೊರಗಿನಿಂದ ಕೋಶ ಸೇರಿದ ಕೊಲೆಸ್ಟರಾಲು ಲೈಸೊಸೋಮಿಗೆ ಬರುತ್ತದೆ. ಅಲ್ಲಿಂದ ಅದನ್ನು ಮುಂದಕ್ಕೆ ಕಳುಹಿಸಲು ಎರಡು ಪ್ರೋಟೀನುಗಳು ಬೇಕು. ಒಂದು ಎತ್ತಿಕೊಡುವುದು, ಇನ್ನೊಂದು ಪೊರೆಯಲ್ಲಿ ನಿಂತು ದಾಟಿಸುವುದು. ಎರಡರಲ್ಲಿ ಒಂದು ಕೆಟ್ಟರೂ ಕೊಲೆಸ್ಟರಾಲು ಅಲ್ಲಿಯೇ ರಾಶಿಬೀಳುತ್ತದೆ. ಅತ್ತ ಕೋಶವು ಕೊಲೆಸ್ಟರಾಲು ಸಾಲದೆಂದು ಬಗೆದು ಇನ್ನಷ್ಟು ತಯಾರಿಸುತ್ತದೆ. ಕಣಜ ತುಂಬಿ ಚೆಲ್ಲುತ್ತಿದೆ, ಅಡುಗೆಮನೆಯಲ್ಲಿ ಕಾಳಿಲ್ಲ. ಆಡಿಕೊಂಡು ಬೆಳೆಯುತ್ತಿದ್ದ ಮಗು, ಅನೇಕ ವೇಳೆ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಎಡವತೊಡಗುತ್ತದೆ; ಕಣ್ಣನ್ನು ಮೇಲಕ್ಕೂ ಕೆಳಕ್ಕೂ ಹೊರಳಿಸಲಾರದು; ಮಾತು ತೊದಲುತ್ತದೆ; ಕೊನೆಗೆ ತುತ್ತು ನುಂಗುವುದೂ ಕಷ್ಟವಾಗುತ್ತದೆ. ಕಲಿತದ್ದೆಲ್ಲ ಒಂದೊಂದಾಗಿ ಕಳಚಿಹೋಗುವುದನ್ನು ತಾಯಿತಂದೆಗಳು ನೋಡುತ್ತಿರಬೇಕು. ಈ ಕಾಯಿಲೆಯ ಮುಖ್ಯ ಜೀನನ್ನು 1997ರಲ್ಲಿ ಗುರುತಿಸಿದರು. 2024ರಲ್ಲಿ ಅಮೆರಿಕದಲ್ಲಿ ಎರಡು ಔಷಧಗಳಿಗೆ ಅನುಮತಿ ದೊರೆಯಿತು. ಅವು ಬಾಧೆಯನ್ನು ತಗ್ಗಿಸುವಂಥವು, ರೋಗವನ್ನು ಬೇರುಸಹಿತ ಕೀಳುವಂಥವಲ್ಲ.

ಕೊಲೆಸ್ಟರಾಲೆಂದರೆ ನಾವೆಲ್ಲ ಹೆದರುತ್ತೇವೆ. ಆ ಮಕ್ಕಳ ಕೋಶದಲ್ಲಿ ದೋಷವಿರುವುದು ಕೊಲೆಸ್ಟರಾಲಿನಲ್ಲಲ್ಲ, ಅದು ತನ್ನ ಎಡೆಯನ್ನು ಸೇರದಿರುವುದರಲ್ಲಿ. ಎಲ್ಲವನ್ನೂ ಅದರದರ ಎಡೆಯಲ್ಲಿ ಇರಿಸುವ ಕೆಲಸ ಒಂದು ದಿನದ್ದಲ್ಲ. ಪೊರೆಯನ್ನು ಒಮ್ಮೆ ಕಟ್ಟಿ ಮುಗಿಸಿ ಕೋಶ ಕೈತೊಳೆದುಕೊಳ್ಳುವಂತಿಲ್ಲ. ಬದುಕಿರುವಷ್ಟು ಹೊತ್ತೂ ವಿಂಗಡಿಸುತ್ತ, ಹೊರುತ್ತ, ಮಗುಚುತ್ತ, ಸುಂಕ ತೆರುತ್ತ ಇರಬೇಕು. ನಾವು ನಾಮಪದವೆಂದು ಬಗೆದ ಮಾತು ಕೋಶದೊಳಗೆ ಸದಾ ಕ್ರಿಯಾಪದವಾಗಿಯೇ ಇದೆ.

(ಬಾನುಲಿ ಭಾಷಣ)